ಕಲ್ಲು ಕೂರಿಸಿದೆ, ಸಿಮೆಂಟ್ ಸೆಟ್ ಆಗಿಲ್ಲ

ಹೋದ ತಿಂಗಳು ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಒಗೆಯುವ ಕಲ್ಲು ಹಾಕಿಸಿದೆವು. ಸಂಜೆ ಗಾರೆ ಮೇಸ್ತ್ರಿ ಕೈಕಾಲು ತೊಳೆದುಕೊಳ್ಳುತ್ತಾ, "ಕಲ್ಲು ಕೂರಿಸಿದೀನಿ ಸಾರ್. ಸಿಮೆಂಟ್ ಇನ್ನೂ ಸೆಟ್ ಆಗಿಲ್ಲ, ಬೆಳಗ್ಗೆವರೆಗೂ ಯಾರೂ ಮುಟ್ಬೇಡಿ" ಅಂದರು. ಏಳನೇ ಕ್ಲಾಸಿನ ಮಗಳು ಅಲ್ಲೇ ನಿಂತಿದ್ದಳು. ಮರುದಿನ ಹೋಟೆಲಿನಲ್ಲಿ ತಿಂಡಿ ಬಂದಾಗ ಕೇಳಿದಳು: "ಅಪ್ಪ, ಸಿಮೆಂಟ್ ಸೆಟ್ ಆಗೋದಕ್ಕೂ ಸೆಟ್ ದೋಸೆಗೂ ಏನು ಸಂಬಂಧ?"

ಒಳ್ಳೆಯ ಪ್ರಶ್ನೆ. ಉತ್ತರ ಇನ್ನೂ ಚೆನ್ನಾಗಿದೆ: ಹುಟ್ಟಿನಲ್ಲಿ ಸಂಬಂಧವೇ ಇಲ್ಲ.

ದೋಸೆಯ ಸೆಟ್ಟು ಫ್ರೆಂಚ್ ಮೂಲಕ ಲ್ಯಾಟಿನ್ನಿನ 'ಸೆಕ್ಟಾ'ದಿಂದ ಬಂದದ್ದು. ಒಬ್ಬರ ಹಿಂದೆ ಹೋಗುವ ಪರಿವಾರ, ಗುಂಪು ಅಂತ ಅದರ ಅರ್ಥ. ಪಂಗಡ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ 'ಸೆಕ್ಟ್' ಕೂಡ ಅಲ್ಲಿಯದೇ. ಒಟ್ಟಿಗೆ ಇರಬೇಕಾದವುಗಳ ಗುಂಪು ಅನ್ನುವ ಈ ಅರ್ಥವೇ ಪಂಪ್‌ಸೆಟ್ಟಿಗೂ, ಗಣಿತದ ಗಣಕ್ಕೂ, ತಟ್ಟೆಯಲ್ಲಿ ಒಂದರ ಮೇಲೊಂದು ಮಲಗಿರುವ ಮೆತ್ತನೆಯ ದೋಸೆಗಳಿಗೂ ಬಂದಿದೆ.

ಸಿಮೆಂಟಿನ ಸೆಟ್ಟು ಹಳೆಯ ಇಂಗ್ಲಿಷಿನ 'ಸೆಟ್ಟನ್' ಎಂಬ ಕ್ರಿಯಾಪದ. ಇಂಗ್ಲಿಷಿನಲ್ಲಿ 'ಸಿಟ್' ಅಂದರೆ ಕೂರು. 'ಸೆಟ್' ಅಂದರೆ ಕೂರುವಂತೆ ಮಾಡು. ನಮ್ಮ ಕೂರು, ಕೂರಿಸು ಇದ್ದ ಹಾಗೆಯೇ! ಮೇಸ್ತ್ರಿ ಒಂದೇ ಉಸಿರಿನಲ್ಲಿ ಒಂದೇ ಮಾತನ್ನು ಎರಡು ಭಾಷೆಯಲ್ಲಿ ಹೇಳಿದ್ದರು. ಉಚ್ಚಾರ ಒಂದೇ ಆದ್ದರಿಂದ ಈ ಎರಡು ಸೆಟ್ಟುಗಳೂ ಇಂಗ್ಲಿಷಿನಲ್ಲಿ ಕಾಲಕ್ರಮೇಣ ಬೆರೆತುಹೋದವು.

ಈ ಪದದ ಹರವು ಎಷ್ಟು ಅಂತ ನೋಡಬೇಕಾದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ತೆಗೆಯಬೇಕು. 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು 'ಸೆಟ್'ಗೇ. 430ಕ್ಕೂ ಹೆಚ್ಚು ಅರ್ಥಗಳು. ಮುಂದಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ ಸಿಕ್ಕಿದವು. ಎರಡೂ ಪುಟ್ಟ ಪದಗಳು, ದಿನವಿಡೀ ಬಾಯಲ್ಲಿ ಇರುವಂಥವು. ಹೆಚ್ಚು ಬಳಸುವ ಪದಕ್ಕೆ ಹೆಚ್ಚು ಅರ್ಥ ಇರುತ್ತದೆ ಎಂದು ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಜಿಫ್ 1945ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಇಷ್ಟೊಂದು ಅರ್ಥಗಳು ಸುಮ್ನೆ ಗುಡ್ಡೆ ಬಿದ್ದಿವೆಯಾ? ಇಲ್ಲ. ಅದು ಗೊತ್ತಾಗಬೇಕಾದರೆ ನಮ್ಮ 'ಕೂರಿಸು' ನೋಡಿದರೆ ಸಾಕು. ದಸರಾ ಬಂದರೆ ಮೈಸೂರಿನಲ್ಲಿ "ಗೊಂಬೆ ಕೂರಿಸಿದ್ದೀರಾ?" ಅಂತ ಕೇಳುತ್ತೇವೆ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ ನಿಂತೇ ಇರುತ್ತದೆ, ಆದರೂ ಅದು 'ಕೂತಿದೆ'. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ. ಜಾರಿದ ಕೀಲನ್ನು ಎಳೆದು ಕೂರಿಸುತ್ತಾರೆ. ಹಳ್ಳಿಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಹರಳು, ಮೂಳೆ, ಕೋಳಿ, ಈ ಮೂರಕ್ಕೂ ಇಂಗ್ಲಿಷಿನವರು ಹೇಳುವುದು 'ಸೆಟ್' ಅಂತಲೇ! ಕನ್ನಡ ದ್ರಾವಿಡ ಭಾಷೆ, ಇಂಗ್ಲಿಷಿನ ಕುಲವೇ ಬೇರೆ. ಈ ಎರಡು ಪದಗಳಿಗೆ ನೆಂಟಸ್ತನ ಇಲ್ಲ. ಇರುವುದು ಒಂದೇ ಅನುಭವ. ಕೂತವರು ಅಲ್ಲಾಡುವುದಿಲ್ಲ, ಜಾಗ ಹಿಡಿಯುತ್ತಾರೆ. ಮೈಗೆ ಗೊತ್ತಿರುವ ಇಷ್ಟರಿಂದಲೇ ಎರಡೂ ಕಡೆಯ ಜನ ಬೇರೆ ಬೇರೆಯಾಗಿ ಒಂದೇ ದಾರಿ ಹಿಡಿದಿದ್ದಾರೆ. ನನಗೆ ಇದಕ್ಕಿಂತ ಸಂತೋಷ ಕೊಡುವ ಸಂಗತಿ ಭಾಷಾವಿಜ್ಞಾನದಲ್ಲಿ ಕಡಿಮೆ.

ಎಲ್ಲ ಕಡೆಯೂ ದಾರಿ ಒಂದೇ ಅಲ್ಲ. ಇಂಗ್ಲಿಷಿನವರು 'ಸೆಟ್' ಅನ್ನುವ ಕಡೆ ನಾವು ಅಲಾರಂ ಇಡುತ್ತೇವೆ, ಬಲೆ ಒಡ್ಡುತ್ತೇವೆ, ಮೊಸರಿಗೆ ಹೆಪ್ಪು ಹಾಕುತ್ತೇವೆ. ಸೂರ್ಯ ನಮ್ಮಲ್ಲಿ ಮುಳುಗುತ್ತಾನೆ. ಹಳೆಯ ಇಂಗ್ಲಿಷಿನವರಿಗೆ ಅವನು ತನ್ನ ಪೀಠಕ್ಕೆ ಹೋಗುತ್ತಿದ್ದ.

'ಸೆಟ್'ಗೆ ನಿಜವಾದ ನೆಂಟರು ಇಂಗ್ಲಿಷಿನ ಕುಲಕ್ಕೇ ಸೇರಿದ ಸಂಸ್ಕೃತದಲ್ಲಿದ್ದಾರೆ. ಅಲ್ಲಿ 'ಸದ್' ಎಂಬ ಧಾತುವಿಗೆ ಕೂರು ಅಂತಲೇ ಅರ್ಥ. ಒಟ್ಟಾಗಿ ಕೂತರೆ ಸಂಸತ್ತು, ಸುತ್ತ ಕೂತರೆ ಪರಿಷತ್ತು, ಗುರುವಿನ ಹತ್ತಿರ ಕೂತು ಕಲಿತದ್ದು ಉಪನಿಷತ್ತು. ಇದರಲ್ಲಿ ನನಗೆ ತುಂಬ ಇಷ್ಟವಾದದ್ದು 'ಪ್ರಸಾದ'. ಮಳೆಗಾಲದಲ್ಲಿ ಕಾವೇರಿ ನೀರು ಕೆಂಪಗೆ ಬರುತ್ತದೆ. ಒಂದು ಕೊಡ ತಂದು ರಾತ್ರಿಯಿಡೀ ಹಾಗೇ ಬಿಡಿ. ಬೆಳಗ್ಗೆ ಮಣ್ಣು ತಳದಲ್ಲಿ ಕೂತಿರುತ್ತದೆ, ಮೇಲೆ ತಿಳಿನೀರು. ಹಾಗೆ ತಿಳಿಯಾದ ನೀರನ್ನು ಸಂಸ್ಕೃತದಲ್ಲಿ 'ಪ್ರಸನ್ನ' ಅನ್ನುತ್ತಾರೆ, ಆ ತಿಳಿತನವೇ 'ಪ್ರಸಾದ'. ನೀರಿನಿಂದ ಅದು ಮನಸ್ಸಿಗೆ ಬಂತು, ಮನಸ್ಸಿನಿಂದ ದೇವರ ಕೃಪೆಗೆ, ಕೃಪೆಯಿಂದ ಚಾಮುಂಡಿ ಬೆಟ್ಟದಲ್ಲಿ ನಮ್ಮ ಅಂಗೈಗೆ ಬೀಳುವ ಪ್ರಸಾದಕ್ಕೆ.

ಹಾಗಾದರೆ ಕೇಳುವವರ ತಲೆ ಇದನ್ನೆಲ್ಲ ಹೇಗೆ ಬೇರ್ಪಡಿಸುತ್ತದೆ? 1979ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಸ್ವಿನ್ನಿ ಒಂದು ಪ್ರಯೋಗ ಮಾಡಿದರು. ಇಂಗ್ಲಿಷಿನ 'ಬಗ್' ಅಂದರೆ ಹುಳ, ಕದ್ದು ಕೇಳುವ ಯಂತ್ರವೂ ಹೌದು. ಜೇಡ, ಜಿರಲೆ ಅಂತೆಲ್ಲ ಹೇಳುವ ವಾಕ್ಯದಲ್ಲಿ ಆ ಪದ ಕಿವಿಗೆ ಬಿದ್ದ ತಕ್ಷಣ ಮಿದುಳಿನಲ್ಲಿ ಎರಡೂ ಅರ್ಥ ಎಚ್ಚರಗೊಂಡವು. ಮೂರು ಅಕ್ಷರ ಮುಂದೆ ಹೋಗುವಷ್ಟರಲ್ಲಿ ಹುಳ ಮಾತ್ರ ಉಳಿದಿತ್ತು. 2002ರಲ್ಲಿ ಬ್ರಿಟನ್ನಿನ ಜೆನ್ನಿ ರಾಡ್ ಮತ್ತು ಸಂಗಡಿಗರು ಇನ್ನೊಂದನ್ನು ಕಂಡುಕೊಂಡರು. ಒಂದಕ್ಕೊಂದು ಸಂಬಂಧವಿರುವ ಅರ್ಥಗಳು ಜಾಸ್ತಿ ಇದ್ದರೆ ಪದವನ್ನು ನಾವು ಬೇಗ ಗುರುತಿಸುತ್ತೇವೆ. ಸಂಬಂಧವಿಲ್ಲದ ಅರ್ಥಗಳಿದ್ದರೆ ತಡವಾಗುತ್ತದೆ. ಹರಳು, ಕೀಲು, ಗೊಂಬೆ ಹೊರೆಯಲ್ಲ, ಒಂದಕ್ಕೊಂದು ಕೈ ಕೊಡುತ್ತವೆ.

ಇನ್ನೊಂದು ಮಾತು. "ಮದುವೆ ಸೆಟ್ ಆಯ್ತು", "ಈ ಬಣ್ಣ ನಿಂಗೆ ಸೆಟ್ ಆಗಲ್ಲ" ಅಂತ ನಾವು ಹೇಳುತ್ತೇವಲ್ವಾ? ಬಣ್ಣದ ವಿಷಯದಲ್ಲಿ ಇಂಗ್ಲಿಷಿನವರು ಹಾಗೆ ಹೇಳುವುದಿಲ್ಲ. ಒಪ್ಪುವುದು, ಹೊಂದುವುದು ಅನ್ನುವ ಅರ್ಥದಲ್ಲಿ ನಾವು ಅದನ್ನು ಬಳಸುತ್ತೇವೆ. ಅದು ಎಲ್ಲಿಂದ ಬಂದಿರಬಹುದು ಅಂತ ನನಗೆ ಹೊಳೆದದ್ದು ಮೊನ್ನೆ, ಮಗಳು ಹೊಸ ಚೂಡಿದಾರ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ. "ಸೆಟ್ ಆಯ್ತು" ಅಂದಳು. ಹಿಂದೆ ಕೂತಿದ್ದ ನಮ್ಮಮ್ಮ ಅದೇ ಹೊತ್ತಿಗೆ, "ಮೈಗೆ ಚೆನ್ನಾಗಿ ಕೂತಿದೆ ಕಣೆ" ಅಂದರು.