ಬೆಲ್ ಕಂಪೋಸ್ಟೊ: ಎಲ್ಲ ಕಲೆ ಕೂಡಿ ಒಂದೇ ಆದಾಗ

'ಬೆಲ್ ಕಂಪೋಸ್ಟೊ' ಇಟಾಲಿಯನ್ ಮಾತು. 'ಬೆಲ್' ಅಂದರೆ ಚೆಂದದ, 'ಕಂಪೋಸ್ಟೊ' ಅಂದರೆ ಹಲವು ಕೂಡಿ ಆದದ್ದು. ಬರೋಕ್ ಕಾಲದ (ಯುರೋಪಿನಲ್ಲಿ ಆಡಂಬರದ, ನಾಟಕೀಯ ಕಲೆ ಮೆರೆದ 17ನೇ ಶತಮಾನದ ಹೊತ್ತಿನ) ದೊಡ್ಡ ಕಲಾವಿದ ಬರ್ನಿನಿ 1680ರಲ್ಲಿ ತೀರಿಕೊಂಡ. ಎರಡು ವರ್ಷದ ನಂತರ ಅವನ ಜೀವನಚರಿತ್ರೆ ಬರೆದ ಬಾಲ್ದಿನುಚ್ಚಿ ಈ ಮಾತನ್ನು ಬಳಸಿದ. ಕಟ್ಟಡ, ಶಿಲ್ಪ, ಚಿತ್ರ ಮೂರನ್ನೂ ಬರ್ನಿನಿ ಒಂದಾಗಿ ಬೆರೆಸಿದ ಅನ್ನುವುದು ಬಾಲ್ದಿನುಚ್ಚಿಯ ಮೆಚ್ಚುಗೆ.

ಬೆರೆಸುವುದು ಅಂದರೆ ಸುಮ್ನೆ ಗೋಡೆಗೆ ಚಿತ್ರ ಬರೆದು, ಗೂಡಿನಲ್ಲಿ ವಿಗ್ರಹ ಇಡುವುದಲ್ಲ. ರೋಮ್‌ನ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿನಲ್ಲಿ ಕೊರ್ನಾರೊ ಕುಟುಂಬದ ಪ್ರಾರ್ಥನಾ ಕೋಣೆ ಇದೆ. ಬರ್ನಿನಿ ಅದನ್ನು 1647ರಲ್ಲಿ ಕೈಗೆತ್ತಿಕೊಂಡ. ನಡುವೆ ಸಂತ ತೆರೇಸಾ, ದೇವದೂತನೊಬ್ಬ ತನ್ನ ಎದೆಗೆ ಬಾಣ ಚುಚ್ಚಿದ ದರ್ಶನವಾಯಿತು ಎಂದು ಬರೆದ ಸ್ಪೇನಿನ ಸನ್ಯಾಸಿನಿ, ಮೋಡದ ಮೇಲೆ ಒರಗಿದ್ದಾಳೆ. ಬರಿಗಾಲು ಕೆಳಗೆ ಜೋತುಬಿದ್ದಿದೆ. ಬಟ್ಟೆಯ ನೆರಿಗೆಗಳು ಎಷ್ಟು ಅಲೆಅಲೆಯಾಗಿವೆ ಅಂದರೆ, ಒಳಗೆ ಮೈ ಎಲ್ಲಿದೆ ಅಂತ ಹುಡುಕಬೇಕು. ಎದುರಿಗೆ ಬಾಣ ಹಿಡಿದ ದೇವದೂತ. ಇಬ್ಬರೂ ಬಿಳಿ ಅಮೃತಶಿಲೆಯವರು. ಹಿಂದೆ ಚಿನ್ನದ ಬಣ್ಣದ ಕಡ್ಡಿಗಳು ಕಿರಣಗಳಂತೆ ಇಳಿದಿವೆ. ಅವುಗಳ ಮೇಲೆ ನಿಜವಾದ ಬಿಸಿಲೂ ಬೀಳುತ್ತದೆ! ಮೇಲೆ ಒಂದು ಕಿಟಕಿ ಇದೆ, ನಿಂತಲ್ಲಿಂದ ನಮಗೆ ಕಾಣುವುದಿಲ್ಲ, ಅಷ್ಟೇ. ನನಗೆ ಈ ಕೋಣೆಯಲ್ಲಿ ಎಲ್ಲಕ್ಕಿಂತ ಇಷ್ಟ ಇದೇ. ಕಲ್ಲು, ಕಂಚಿನ ಹಾಗೆ ಬೆಳಕೂ ಅವನಿಗೆ ಒಂದು ಸಾಮಗ್ರಿ.

ಎರಡೂ ಪಕ್ಕದಲ್ಲಿ ನಾಟಕ ನೋಡುವ ಮಂದಿಯ ಹಾಗೆ ಕೊರ್ನಾರೊ ಮನೆತನದ ಎಂಟು ಜನ ಕೂತಿದ್ದಾರೆ, ಅವರೂ ಕಲ್ಲಿನವರೇ. ಕೆಲವರು ತಮ್ಮಲ್ಲೇ ಮಾತಾಡುತ್ತಿದ್ದಾರೆ. ನೆಲದಲ್ಲಿ ಬಣ್ಣದ ಕಲ್ಲು ಕೂರಿಸಿ ಮಾಡಿದ ಅಸ್ಥಿಪಂಜರಗಳು, ಚಾವಣಿಯಲ್ಲಿ ಬಣ್ಣದಲ್ಲಿ ಬರೆದ ಸ್ವರ್ಗ. ಸಾವು ಕಾಲಡಿಯಲ್ಲಿ, ಸ್ವರ್ಗ ತಲೆಯ ಮೇಲೆ, ನಡುವೆ ನೋಡುತ್ತ ನಿಂತ ನಾವು. ಯಾವುದಾದರೂ ಒಂದನ್ನು ತೆಗೆದರೆ ಉಳಿದದ್ದಕ್ಕೆ ಅರ್ಥವೇ ಕಮ್ಮಿಯಾಗುತ್ತದೆ, ಅಲ್ವಾ?

ಇದಕ್ಕೆ ಕಾಲದ ಒತ್ತಾಸೆಯೂ ಇತ್ತು. ಹಲವು ಪ್ರಾಟೆಸ್ಟೆಂಟರು ಚರ್ಚುಗಳಿಂದ ವಿಗ್ರಹ, ಚಿತ್ರಗಳನ್ನು ತೆಗೆಸಿದ್ದರು. ಕ್ಯಾಥೊಲಿಕ್ ಚರ್ಚು ಅವನ್ನೇ ಇನ್ನೂ ಜಾಸ್ತಿ ಮಾಡಿ, ಭಕ್ತರ ಮನಸ್ಸನ್ನು ಕಣ್ಣಿನ ಮೂಲಕ ಮುಟ್ಟಲು ಹೊರಟಿತು.

ರೋಮ್‌ನಲ್ಲೇ ಇರುವ ಇಲ್ ಜೆಸು ಚರ್ಚಿನ ಚಾವಣಿಯನ್ನು 1670ರ ದಶಕದಲ್ಲಿ ಚಿತ್ರಕಾರ ಗೌಲ್ಲಿ ಬರೆದ. ಅಲ್ಲಿ ಚಿತ್ರದ ಜನ ಚೌಕಟ್ಟು ದಾಟಿ ಹೊರಗೆ ಚೆಲ್ಲಿದ್ದಾರೆ. ಪಕ್ಕದಲ್ಲೇ ಶಿಲ್ಪಿ ರಾಜ್ಜಿ ಮಾಡಿದ ಗಾರೆಯ ದೇವದೂತರು. ಕೆಳಗೆ ನಿಂತು ಕತ್ತೆತ್ತಿದರೆ ಯಾವುದು ಬಣ್ಣ, ಯಾವುದು ಗಾರೆ ಅಂತ ತಕ್ಷಣ ಗೊತ್ತಾಗುವುದಿಲ್ಲ. ಚೌಕಟ್ಟು ದಾಟಿದ ಮೋಡಗಳ ಪಕ್ಕದ ಚಿನ್ನದ ಚಾವಣಿಗೆ ಗೌಲ್ಲಿ ಕಪ್ಪು ಛಾಯೆ ಬಳಿದಿದ್ದಾನೆ. ಅದು ಬರೆದ ಮೋಡದ ನೆರಳು.