ಕನ್ನಡದ ಅಕ್ಷರ ಯಾವ ಫೋಲ್ಡರಿನಲ್ಲಿತ್ತು?

ಕಾಸರಗೋಡಿನ ಪೆರ್ಲದ ಕಡೆಯ ಹಳೆಯ ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ) ಅಂಗಡಿಯೊಂದರ ಅಟ್ಟದಿಂದ ಕಳೆದ ಮಳೆಗಾಲಕ್ಕೆ ಮುಂಚೆ ಮೂರು ಹಾರ್ಡ್ ಡಿಸ್ಕ್‌ಗಳು ಕೆಳಗಿಳಿದವು. ಒಂದನ್ನು ಹಳೇ ಪೇಪರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ರಬ್ಬರ್ ಕರಗಿ ಪೇಪರಿಗೇ ಅಂಟಿತ್ತು. ತಂದವರು ಹೇಳಿದ್ದು ಇಷ್ಟೇ: "ಇದರಲ್ಲಿ ನಮ್ಮ ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆ ಉಂಟು ಮಾರಾಯ್ರೆ. ಫೈಲ್ ಮಾತ್ರ ತೆಗೆದುಕೊಡಿ, ಉಳಿದದ್ದು ಗುಜರಿಗೆ."

"ಫೈಲ್ ಮಾತ್ರ" ಎಂಬ ಮಾತಿನಲ್ಲೇ ಈ ಸಮಸ್ಯೆಯ ಅರ್ಧ ಚರಿತ್ರೆ ಅಡಗಿದೆ. ಹಳೆಯ ಡಿಸ್ಕಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇತ್ತು, ಅದನ್ನೂ ಉಳಿಸಬೇಕೇ, ಉಳಿಸುವುದಾದರೆ ಹೇಗೆ ಎಂಬ ಪ್ರಶ್ನೆಗಳು ಬೇರೆ ಕಡೆ ಹವ್ಯಾಸಿಗಳ ಚರ್ಚೆ. ಕಾಸರಗೋಡಿನಲ್ಲಿ ಅವು ಕನ್ನಡ ಬರಹದ ಪ್ರಶ್ನೆಯೂ ಹೌದು.

1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು, 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಬಂತು, 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅತ್ತ ಅಮೆರಿಕದಲ್ಲಿ 1981ರಲ್ಲಿ ಐಬಿಎಂ ಪಿಸಿ ಬಂತು, 1983ರಲ್ಲಿ ಅದರ ಎಕ್ಸ್‌ಟಿ ಮಾದರಿಗೆ 10 ಎಂಬಿಯ ಹಾರ್ಡ್ ಡಿಸ್ಕ್ ಸೇರಿತು. ಈ ಎರಡು ಕಥೆಗಳು ಕೂಡಿಕೊಂಡದ್ದು ತೊಂಬತ್ತರ ದಶಕದಲ್ಲಿ, ಮೊಳೆಜೋಡಿಸುವ ಪ್ರೆಸ್ಸುಗಳು ಒಂದೊಂದಾಗಿ ಬಾಗಿಲು ಹಾಕಿ ಪೇಟೆಗಳಲ್ಲಿ ಡಿಟಿಪಿ ಬೋರ್ಡುಗಳು ಏರಿದಾಗ.

ಆಗ ಕನ್ನಡ ಟೈಪ್ ಮಾಡುವುದೆಂದರೆ ಕಂಪ್ಯೂಟರಿಗೆ ಒಂದು ಸಣ್ಣ ಮೋಸ ಮಾಡಿದ ಹಾಗೆ. ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಫಾಂಟ್ ತಯಾರಕರು ನಮ್ಮ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದರು: ತಲೆಕಟ್ಟು, ಕೊಂಬು, ಒತ್ತು, ದೀರ್ಘ ಎಲ್ಲ ಬೇರೆಬೇರೆ. ಒಬ್ಬೊಬ್ಬ ತಯಾರಕನ ಜೋಡಣೆ ಒಂದೊಂದು ಥರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಬಹುಜನರ ಮೇಜಿನ ಮೇಲಿದ್ದ ವಿಂಡೋಸ್ ಅದನ್ನು ಸರಿಯಾಗಿ ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ನಡುವಿನ ಹತ್ತು ವರ್ಷ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದರ ನಂತರವೂ ಎಷ್ಟೋ ವರ್ಷ, ನಮ್ಮ ಬರಹವೆಲ್ಲ ಈ ಮೋಸದ ಮೇಲೇ ನಿಂತಿತ್ತು.

1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವುಗಳ ಹಳೆಯ ಕಡತಗಳಿಗೆ ಇಂದಿಗೂ ಅಷ್ಟು ಭಯವಿಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ 'ನ' ಇದ್ದಲ್ಲೆಲ್ಲ ಪೌಂಡಿನ ಚಿಹ್ನೆ ಕಾಣುತ್ತದೆ, ಸುತ್ತ ತಲೆಯ ಮೇಲೆ ಗೀಟು ಹೊತ್ತ ಯುರೋಪಿನ ಅಕ್ಷರಗಳು. ಅದನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಧಾರಾಳ ಇವೆ. ಕಷ್ಟ ಇರುವುದು ಅದಕ್ಕೂ ಹಿಂದಿನವುಗಳಲ್ಲಿ, ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಚುಚ್ಚಿದ ಡಾಂಗಲ್ (ನಕಲು ತಡೆಯುವ ಪುಟ್ಟ ಸಾಧನ) ಇದ್ದರೆ ಮಾತ್ರ ಏಳುತ್ತಿದ್ದ ಸಾಫ್ಟ್‌ವೇರ್‌ಗಳಲ್ಲಿ. ಡಾಂಗಲ್ ಕಳೆದಿದೆ, ಪರಿವರ್ತಕ ಯಾರೂ ಬರೆದಿಲ್ಲ. ಆಗ ಉಳಿಯುವ ದಾರಿ ಫಾಂಟ್ ಒಂದೇ. ಆ ಫಾಂಟ್ ಇದ್ದದ್ದು ಡಾಕ್ಯುಮೆಂಟಿನ ಪಕ್ಕದಲ್ಲಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯಲ್ಲಿ. ವಿಂಡೋಸ್ 95ರಿಂದೀಚೆ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಕೋಣೆಯೇ ಬಂತು. ವಿಂಡೋಸ್ 3.1ರಲ್ಲಿ ಹಾಗಲ್ಲ, ಫಾಂಟ್ ಕಡತ ಸಿಸ್ಟಮ್ ಫೋಲ್ಡರಿನಲ್ಲಿ ನೂರಾರು ಬೇರೆ ಕಡತಗಳ ನಡುವೆ ಕೂತಿರುತ್ತಿತ್ತು, ಪಕ್ಕದಲ್ಲಿ ಅದೇ ಹೆಸರಿನ ಪುಟ್ಟದೊಂದು 'ಎಫ್‌ಒಟಿ' ಕಡತ. "ಫೈಲ್ ಮಾತ್ರ" ನಕಲು ಮಾಡಿಕೊಂಡವರು ಮನೆ ಖಾಲಿ ಮಾಡುವಾಗ ಪೆಟ್ಟಿಗೆ ಒಯ್ದು ಬೀಗದಕೈ ಮೊಳೆಯಲ್ಲೇ ಬಿಟ್ಟುಬಂದರು.

ಗಡಿಯಲ್ಲಿ ಇನ್ನೊಂದು ತೊಡಕು. ಇಲ್ಲಿನ ಡಿಟಿಪಿ ಅಂಗಡಿಗೆ ಬೆಳಿಗ್ಗೆ ಮಲಯಾಳಂ ಮದುವೆ ಕಾಗದ ಬಂದರೆ ಮಧ್ಯಾಹ್ನ ಯಕ್ಷಗಾನದ ಹ್ಯಾಂಡ್‌ಬಿಲ್ಲು. ಸರಕಾರಿ ನಮೂನೆಯ ಮಲಯಾಳಂ ಮೂಲ, ಅದರ ಕನ್ನಡ ಅನುವಾದ ಎರಡೂ ಒಂದೇ ಡಿಸ್ಕಿನಲ್ಲಿ. ಮಲಯಾಳಂ ಫಾಂಟುಗಳೂ ಅದೇ ಮೋಸದ ಮೇಲೆ ನಡೆಯುತ್ತಿದ್ದವು. ಹಾಗಾಗಿ ಫಾಂಟಿನ ಹೆಸರು ಕಳೆದುಕೊಂಡ ಸಾಲೊಂದು ಸಿಕ್ಕಿದರೆ ಅದು ಯಾವ ಭಾಷೆ ಎಂದು ಬೈಟ್‌ಗಳನ್ನು ನೋಡಿ ಹೇಳುವುದು ಸುಲಭವಲ್ಲ. ಕಾರ್ತಿಕ ಫಾಂಟ್ ತೊಡಿಸಿದರೆ ಮಲಯಾಳಂ ಲಿಪಿ, ನುಡಿ ತೊಡಿಸಿದರೆ ಕನ್ನಡ ಲಿಪಿ, ಮೂಲ ಫಾಂಟ್ ಬೇರೆಯಾಗಿದ್ದರೆ ಎರಡೂ ಅರ್ಥವಿಲ್ಲದ್ದು. ಸಪ್ತಭಾಷೆಗಳ ಊರು ಎಂದು ಭಾಷಣ ಮಾಡುವವರಿಗೆ ಈ ಉದಾಹರಣೆ ಯಾರೂ ಕೊಟ್ಟಿರಲಿಕ್ಕಿಲ್ಲ.

ಇನ್ನು ಗುರುತು ಹಿಡಿಯುವ ಕೆಲಸ. ಡಿಸ್ಕಿನ ಮೊದಲ ಸೆಕ್ಟರ್, ಅಂದರೆ ಒಂದೇಟಿಗೆ ಓದುವ ತುಂಡು, 512 ಬೈಟ್. ಅದರ ಕೊನೆಯ ಎರಡು ಬೈಟ್ ಹದಿನಾರರ ಲೆಕ್ಕದಲ್ಲಿ 55, ಎಎ. ಅದಕ್ಕೆ ಸ್ವಲ್ಪ ಮುಂಚೆ ತಲಾ 16 ಬೈಟ್‌ಗಳ ನಾಲ್ಕು ಸಾಲು, ಅದೇ ಪಾರ್ಟಿಷನ್ ಪಟ್ಟಿ, ಅಂದರೆ ಡಿಸ್ಕಿನ ಭಾಗಗಳ ಪಟ್ಟಿ. ಪ್ರತಿ ಸಾಲಿನ ಐದನೆಯ ಬೈಟ್ ಆ ಭಾಗದ ಜಾತಿ, ಅಂದರೆ ಕಡತ ಜೋಡಿಸುವ ಪದ್ಧತಿ, ಹೇಳುತ್ತದೆ: 06 ಎಂದರೆ ಡಾಸ್ ಕಾಲದ ಫ್ಯಾಟ್16, 0ಬಿ ಅಥವಾ 0ಸಿ ಎಂದರೆ ಫ್ಯಾಟ್32, 07 ಬಹುಮಟ್ಟಿಗೆ ಎನ್‌ಟಿಎಫ್‌ಎಸ್, 83 ಲಿನಕ್ಸ್, 63 ಹಳೆಯ ಯುನಿಕ್ಸ್. ಪಾರ್ಟಿಷನ್ನಿನ ಒಳಗಿನ ಬೂಟ್ ಸೆಕ್ಟರಿನಲ್ಲಿ ಫಾರ್ಮ್ಯಾಟ್ ಮಾಡಿದವರ ಸಹಿ ಎಂಟಕ್ಷರದಲ್ಲಿ ಇರುತ್ತದೆ, 'ಎಂಎಸ್‌ಡಾಸ್5.0' ಅಥವಾ 'ಎಂಎಸ್‌ವಿನ್4.1' ಎಂಬಂತೆ. ಆದರೆ ಅದು ಫಾರ್ಮ್ಯಾಟ್ ಮಾಡಿದವರ ಹೆಸರು, ಈಗ ಒಳಗೆ ವಾಸ ಇರುವವರದ್ದಲ್ಲ.

ವಾಸ ಇರುವವರನ್ನು ಹಿಡಿಯಲು ನನಗೆ ಇಷ್ಟವಾದ ಉಪಾಯ ಗಡಿಯಾರ ನೋಡುವುದು. ಮೈಕ್ರೋಸಾಫ್ಟಿನವರು ತಮ್ಮ ಕಡತಗಳ ಸಮಯದಲ್ಲೇ ಆವೃತ್ತಿ ಬರೆದಿಡುತ್ತಿದ್ದರು. ಡಾಸ್ 6.22ರ ಕಡತಗಳ ದಿನಾಂಕ 1994 ಮೇ 31, ಸಮಯ ಬೆಳಿಗ್ಗೆ 6:22. ವಿಂಡೋಸ್ 3.1ರದ್ದು 1992 ಮಾರ್ಚ್ 10, ಮುಂಜಾನೆ 3:10. ವಿಂಡೋಸ್ 95ಕ್ಕೆ 9:50, ಏಕೆಂದರೆ ಅದರ ಆವೃತ್ತಿ 4.00.950. ವಿಂಡೋಸ್ 98ರ ಎರಡನೇ ಆವೃತ್ತಿ 4.10.2222, ಅದರ ಸಮಯ ರಾತ್ರಿ 10:22, ಅಂದರೆ 22:22. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಕಡತಗಳ ಪಟ್ಟಿ ಸಾಕು.

ಮೋಸಹೋಗುವ ಜಾಗಗಳೂ ಇವೆ. ಜಾಗ ಉಳಿಸಲು ಡ್ರೈವ್‌ಸ್ಪೇಸ್ ಹಾಕಿಕೊಂಡ ಡಿಸ್ಕ್ ಹೊರಗಿನಿಂದ ನೋಡಿದರೆ ಖಾಲಿ. ನಾಲ್ಕೈದು ಕಡತ, ಜೊತೆಗೆ 'ಡಿಆರ್‌ವಿಸ್ಪೇಸ್.000' ಎಂಬ ದೈತ್ಯ. ಆ ದೈತ್ಯನೇ ಇಡೀ ಸಿ ಡ್ರೈವ್. "ಏನೋ ಬೇಡದ ಫೈಲು" ಎಂದು ಅಳಿಸಿದರೆ ಮುಗಿಯಿತು. ಇನ್ನೊಂದು ಡಿಸ್ಕ್ ಮ್ಯಾನೇಜರ್. ಯಂತ್ರ ಏಳುವಾಗ ಮೊದಲು ಓಡುವ ಬಯೋಸ್ ಹಳೆಯದಾದರೆ ಅದಕ್ಕೆ 528 ಎಂಬಿಗಿಂತ ದೊಡ್ಡ ಡಿಸ್ಕ್ ಕಾಣುತ್ತಿರಲಿಲ್ಲ (1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಸೆಕ್ಟರಿಗೆ 512 ಬೈಟ್, ಗುಣಿಸಿ ನೋಡಿ). ಅಂಗಡಿಯವರು ಡಿಸ್ಕಿನ ತಲೆಯಲ್ಲೇ ಒಂದು ಸಣ್ಣ ಪ್ರೋಗ್ರಾಮ್ ಕೂರಿಸಿ ಬಯೋಸನ್ನು ದಾಟಿಸುತ್ತಿದ್ದರು. ಅಂಥ ಡಿಸ್ಕನ್ನು ಇಂದಿನ ಯಂತ್ರಕ್ಕೆ ಸಿಕ್ಕಿಸಿದರೆ ಪಟ್ಟಿಯಲ್ಲಿ 54 ಎಂಬ ಅಪರಿಚಿತ ಸಂಖ್ಯೆ, ನಿಜವಾದ ಪಟ್ಟಿ 63 ಸೆಕ್ಟರ್ ಆಚೆ.

ಇಂದಿನ ವಿಂಡೋಸಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಫಾರ್ಮ್ಯಾಟ್ ಮಾಡಲೇ? 2009ರ ಸುಮಾರಿಗೆ ನನ್ನ ಕೈಯಲ್ಲೇ ಹೀಗೊಂದು ಡಿಸ್ಕ್ ಹೋಯಿತು. ಸಹಕಾರಿ ಸಂಘವೊಂದರ ಯುನಿಕ್ಸ್ ಡಿಸ್ಕ್. ಸಿಕ್ಕಿಸಿ ಚಹಾಕ್ಕೆ ಎದ್ದುಹೋಗಿದ್ದೆ, ಸಹಾಯಕ್ಕಿದ್ದ ಹುಡುಗ ಪರದೆ ಕೇಳಿದ್ದಕ್ಕೆ ಮರ್ಯಾದೆಯಿಂದ "ಹೌದು" ಎಂದಿದ್ದ. ಅವನ ತಪ್ಪಲ್ಲ. ಒಳಗೆ ಏನಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಗಿ ಆ ದಶಕ ಮುಗಿಯುವ ಹೊತ್ತಿಗೆ ಸರಕಾರಿ ಶಾಲೆಗಳು ಗ್ನೂ/ಲಿನಕ್ಸಿಗೆ ಹೊರಳಿದ್ದವು. ಒಳ್ಳೆಯ ನಿರ್ಧಾರ; ಕನ್ನಡ ಮಾಧ್ಯಮದ ಮಕ್ಕಳಿಗೂ ಯುನಿಕೋಡ್ ಕನ್ನಡ ಸಿಕ್ಕಿತು. ಹೊಸದನ್ನು ಹಾಕುವಾಗ ಹಳೆಯದನ್ನು ಅಳಿಸುವುದು ಎಲ್ಲ ಕಡೆಯ ರೂಢಿ, ಹಾಗೆಯೇ ನಡೆಯಿತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಬೆಂಬಲ ನಿಂತಾಗ ಕಚೇರಿಗಳಲ್ಲೂ ಅದೇ. ಇ-ತ್ಯಾಜ್ಯ ನಿಯಮಗಳು ಬಂದ ಮೇಲೆ ಅಟ್ಟ ಖಾಲಿ ಮಾಡುವುದು ಜವಾಬ್ದಾರಿಯ ಲಕ್ಷಣವೂ ಆಯಿತು. ಒಂದೊಂದು ಹೆಜ್ಜೆಯೂ ಸರಿ. ಯಾವ ಹೆಜ್ಜೆಯಲ್ಲೂ "ಅಳಿಸುವ ಮೊದಲು ಇಡೀ ಡಿಸ್ಕಿನ ಒಂದು ಪಡಿಯಚ್ಚು ತೆಗೆಯಿರಿ" ಎಂಬ ಸಾಲು ಮಾತ್ರ ಇರಲಿಲ್ಲ.

ಪಡಿಯಚ್ಚು ಎಂದರೆ ಇಮೇಜ್: ಮೊದಲ ಸೆಕ್ಟರಿನಿಂದ ಕೊನೆಯವರೆಗೆ, ಖಾಲಿ ಜಾಗವೂ ಸೇರಿ, ಎಲ್ಲವನ್ನೂ ಒಂದೇ ಕಡತವಾಗಿ ಎತ್ತಿಡುವುದು. ಹಳೆಯ ಯಂತ್ರವನ್ನು "ಒಮ್ಮೆ ಆನ್ ಮಾಡಿ ನೋಡುವ" ಚಪಲ ಮೊದಲು ಬಿಡಬೇಕು. ಬೂಟ್ ಆದ ವಿಂಡೋಸ್ ಸುಮ್ಮನಿರುವುದಿಲ್ಲ, ಬರೆಯುತ್ತಲೇ ಇರುತ್ತದೆ. ವಿಂಡೋಸ್ 95ರ ಅಭ್ಯಾಸವಂತೂ ಗೊತ್ತೇ ಇದೆ: ಬೀಗ ಹಾಕದ ಫ್ಲಾಪಿಯನ್ನು ಸುಮ್ಮನೆ ಓದಲು ಕೊಟ್ಟರೂ ಅದರ ಬೂಟ್ ಸೆಕ್ಟರಿನ ಸಹಿ ಅಳಿಸಿ ತನ್ನ ಗುರುತು ಹಾಕುತ್ತಿತ್ತು. ಹಾಗಾಗಿ ಬರೆಯಲು ಬಿಡದ ರೈಟ್ ಬ್ಲಾಕರ್ ನಡುವೆ ಇಟ್ಟು ಗ್ನೂ ಡಿಡಿರೆಸ್ಕ್ಯೂ ಎಂಬ ನಕಲು ಪ್ರೋಗ್ರಾಮ್ ಓಡಿಸುವುದು ವಾಸಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ ಕೆಟ್ಟದ್ದಕ್ಕೆ ಆಮೇಲೆ ಮರಳುತ್ತದೆ, ಎಲ್ಲಿ ನಿಂತೆನೆಂದು ಬರೆದಿಟ್ಟುಕೊಳ್ಳುತ್ತದೆ. ಪೇಟೆಯಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಅಡಾಪ್ಟರುಗಳಲ್ಲಿ ಹೆಚ್ಚಿನವು ತೀರಾ ಹಳೆಯ ಡಿಸ್ಕ್‌ಗಳನ್ನು ಗುರುತಿಸುವುದೇ ಇಲ್ಲ; ಅದಕ್ಕೆ ಐಡಿಇ ಎಂಬ ಹಳೆಯ ಡಿಸ್ಕ್ ಜೋಡಣೆ ಇರುವ ಮದರ್‌ಬೋರ್ಡೇ ಬೇಕು, ಲೇಬಲ್ ಮೇಲಿನ ಸಿಲಿಂಡರ್-ಹೆಡ್-ಸೆಕ್ಟರ್ ಲೆಕ್ಕವನ್ನು ಕೈಯಾರೆ ತುಂಬಬೇಕು. ಲೇಬಲ್ ಕಿತ್ತು ಎಸೆಯಬೇಡಿ ಎನ್ನುವುದು ಅದಕ್ಕೇ.

ಸರ್ವರೂ ಒಪ್ಪಿದ ಮಾತು ಇದಲ್ಲ. ಇಡೀ ಡಿಸ್ಕ್ ಉಳಿಸಿದರೆ ಯಾರ್ಯಾರದೋ ಜಾತಕ, ಆಸ್ತಿ ಪಾಲಿನ ಕರಡು, ಕೋರ್ಟು ಅರ್ಜಿ ಎಲ್ಲ ಉಳಿಯುತ್ತದೆ. ಡಾಸ್ ಕಾಲದ 'ಡಿಲೀಟ್' ಕಡತದ ಹೆಸರಿನ ಮೊದಲಕ್ಷರ ಕೆಡಿಸಿ ಅದರ ಜಾಗ ಖಾಲಿ ಎಂದು ಗುರುತಿಸುತ್ತಿತ್ತೇ ಹೊರತು ಒಳಗಿನದ್ದನ್ನು ಒರೆಸುತ್ತಿರಲಿಲ್ಲವಾದ್ದರಿಂದ ಅಳಿಸಿದ್ದೂ ಬಹಳಷ್ಟು ಉಳಿಯುತ್ತದೆ. ಈ ಆಕ್ಷೇಪಕ್ಕೆ ತೂಕವಿದೆ. ಪರವಾನಗಿಯ ಪ್ರಶ್ನೆಯೂ ಇದೆ. ಎಂಎಸ್-ಡಾಸಿನ ಕೆಲವು ಹಳೆಯ ಆವೃತ್ತಿಗಳ ಮೂಲ ಸಂಕೇತವನ್ನು ಮೈಕ್ರೋಸಾಫ್ಟೇ ಮುಕ್ತವಾಗಿ ಬಿಟ್ಟಿದೆ, 4.00 ಬಂದದ್ದು 2024ರಲ್ಲಿ, ವಿಂಡೋಸಿನದ್ದು ಹಾಗಲ್ಲ. ಆದರೆ ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕೂ ಗುಜರಿಗೆ ಹಾಕುವುದಕ್ಕೂ ವ್ಯತ್ಯಾಸ ಇದೆಯಲ್ಲ.

ಪೆರ್ಲದ ಮೊದಲ ಡಿಸ್ಕ್ 850 ಎಂಬಿಯದ್ದು. ಪಟ್ಟಿಯಲ್ಲಿ 54, ಒಳಗೆ 6:22 ಮತ್ತು 3:10. ಇಮೇಜನ್ನು 86ಬಾಕ್ಸ್ ಎಂಬ, ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರಿಗೆ ಕೊಟ್ಟಾಗ ಡಿಸ್ಕ್ ಮ್ಯಾನೇಜರ್ ತಾನಾಗಿ ಎದ್ದಿತು, ಅದರ ಬೆನ್ನಿಗೆ ಡಾಸ್, ವಿಂಡೋಸ್, ಕೊನೆಗೆ ಪುಟ ಜೋಡಿಸುವ ಪೇಜ್‌ಮೇಕರ್ 5. ಸ್ಮರಣ ಸಂಚಿಕೆಯ ಕಡತ ತೆರೆಯಿತು. ಯಾವತ್ತೂ ಹೆಸರು ಕೇಳದ ಒಂದು ಫಾಂಟಿನಲ್ಲಿ, ಸ್ವಲ್ಪ ದಪ್ಪ ತಲೆಕಟ್ಟಿನ ಕನ್ನಡ. ಅಡಿಕೆ ಅಂಗಡಿಯ ಅರ್ಧಪುಟದ ಜಾಹೀರಾತಿನ ಕೆಳಗೆ ಟೈಪ್ ಮಾಡಿದವರು ತಮಗಾಗಿ ಬರೆದುಕೊಂಡ ಒಂದು ಸಾಲು ಇತ್ತು, ಅಚ್ಚಿಗೆ ಹೋಗುವ ಮೊದಲು ತೆಗೆಯಬೇಕಾದದ್ದು: "ಇವರದ್ದು ಹಣ ಬಂದಿಲ್ಲ."

ಎರಡನೆಯದು ಟಕ್ ಟಕ್ ಎನ್ನುತ್ತಾ ಮುಕ್ಕಾಲು ಭಾಗ ಓದಿಸಿಕೊಂಡು ನಿಂತಿದೆ. ಮೂರನೆಯದಕ್ಕೆ ಇನ್ನೂ ಕರೆಂಟು ಕೊಟ್ಟಿಲ್ಲ. ತುಳುನಾಡಿನ ಮಳೆಗಾಲದ ತೇವ ಕುಡಿದಿದೆ, ಅಕ್ಕಿ ಡಬ್ಬದ ಪಕ್ಕ ಸಿಲಿಕಾ ಜೆಲ್ ಹಾಕಿದ ಚೀಲದಲ್ಲಿ ಮಲಗಿದೆ. ಗಾಳಿ ಒಣಗಲಿ, ತುಲಾ ಸಂಕ್ರಮಣ ಕಳೆಯಲಿ ಎಂದು ಕಾಯುತ್ತಿದ್ದೇನೆ.