ಎಂಬತ್ತರ ದಶಕದ ಅಮೆರಿಕ ಗೊತ್ತಿಲ್ಲದೆ 'ರೆಡಿ ಪ್ಲೇಯರ್ ಒನ್' ಓದಬಹುದೇ?

ಪ್ರಶ್ನೆ: 'ರೆಡಿ ಪ್ಲೇಯರ್ ಒನ್' ಕಾದಂಬರಿ ಶುರುಮಾಡಿದೆ. ಎಲ್ಲಿ ನೋಡಿದರೂ ಹಳೆಯ ಅಮೆರಿಕನ್ ಸಿನಿಮಾ, ವಿಡಿಯೊ ಗೇಮ್‌ಗಳ ಹೆಸರು. ನನಗೆ ಗೊತ್ತಿರುವುದು ಪ್ಯಾಕ್‌ಮ್ಯಾನ್ ಒಂದೇ. ಓದಲೇ, ಬಿಡಲೇ?

ಉತ್ತರ: ಓದಿ. ಕಥಾನಾಯಕ ವೇಡ್ ವಾಟ್ಸ್ ಕೂಡ ಆ ಕಾಲಕ್ಕೆ ನಿಮ್ಮಷ್ಟೇ ಹೊರಗಿನವನು. ಕಥೆ ನಡೆಯುವುದು 2045ರ ಆಸುಪಾಸಿನಲ್ಲಿ, ಅವನಿನ್ನೂ ಕಾಲೇಜು ಮೆಟ್ಟಿಲು ಹತ್ತದ ಹುಡುಗ. 'ಓಯಸಿಸ್' ಎಂಬ ವರ್ಚುವಲ್ ಲೋಕ ಕಟ್ಟಿದ ಹ್ಯಾಲಿಡೇ, ಅದರೊಳಗೆ ತಾನು ಅಡಗಿಸಿಟ್ಟ ಒಗಟು ಬಿಡಿಸಿದವರಿಗೇ ತನ್ನ ಆಸ್ತಿಯೆಲ್ಲ ಎಂದು ಉಯಿಲು ಬರೆದು ಸತ್ತಿದ್ದಾನೆ. ಸುಳಿವುಗಳೆಲ್ಲ ಅವನ ಹದಿಹರೆಯದ ಎಂಬತ್ತರ ದಶಕದಲ್ಲಿವೆ. ಹಾಗಾಗಿ ಹಳಹಳಿಕೆ ಹ್ಯಾಲಿಡೇಯದು (ಲೇಖಕ ಅರ್ನೆಸ್ಟ್ ಕ್ಲೈನ್‌ರದೂ ಅನ್ನಿ). ವೇಡ್‌ಗೆ ಅದು ಬರೀ ಸಿಲಬಸ್, ಉರು ಹೊಡೆದಿದ್ದಾನೆ.

ಒಂದು ನಿಜಸಂಗತಿ ಮಾತ್ರ ತಿಳಿದಿರಲಿ. ಅಟಾರಿ ಕಂಪನಿ ಆಗೆಲ್ಲ ಗೇಮ್ ಬರೆದವರ ಹೆಸರು ಹಾಕುತ್ತಿರಲಿಲ್ಲ. ವಾರನ್ ರಾಬಿನೆಟ್ ತಾವು ಬರೆದ 'ಅಡ್ವೆಂಚರ್' ಗೇಮ್‌ನಲ್ಲಿ ಯಾರಿಗೂ ಹೇಳದೆ ಗುಟ್ಟಿನ ಕೋಣೆಯೊಂದನ್ನಿಟ್ಟರು. ಕಂಡೂ ಕಾಣದ ಒಂದು ಚುಕ್ಕೆಯನ್ನು ಹುಡುಕಿ ಹೊತ್ತು ತಂದರೆ ಒಳಗೆ ದಾರಿ, ಅಲ್ಲಿ ಅವರ ಹೆಸರು. ಕಂಪನಿಗೆ ತಿಳಿಯುವ ಹೊತ್ತಿಗೆ ಅವರು ಕೆಲಸ ಬಿಟ್ಟಾಗಿತ್ತು. ಇಂಥದ್ದನ್ನು 'ಈಸ್ಟರ್ ಎಗ್' ಎನ್ನುತ್ತಾರೆ; ಕದ್ದು ಹಾಕಿದ ಅಂಕಿತ ಅಂದುಕೊಳ್ಳಿ. ಹ್ಯಾಲಿಡೇಯ ಒಗಟಿಗೆ ಇದೇ ಮಾದರಿ.

ನನಗೆ ಈ ಪುಸ್ತಕ ಹಿಡಿಸಿದ್ದು ಗೇಮ್‌ಗಳಿಗಲ್ಲ, ಅದರೊಳಗಿನ ಬಡತನಕ್ಕೆ. ಓಯಸಿಸ್ ಸೇರಲು ಕಾಲು ಡಾಲರ್ ಸಾಕು. ಒಳಗೆ ಗ್ರಹದಿಂದ ಗ್ರಹಕ್ಕೆ ಓಡಾಡಲು ಮಾತ್ರ ದುಡ್ಡು ಬೇಕು. ವೇಡ್ ಇರುವುದು ಒಕ್ಲಹೋಮ ಸಿಟಿಯಲ್ಲಿ, ಒಂದರ ಮೇಲೊಂದು ಪೇರಿಸಿದ ಟ್ರೇಲರ್ ಮನೆಗಳ ನಡುವೆ, ಬಂಧುಗಳ ಹಂಗಿನಲ್ಲಿ. ಗುಜರಿ ವ್ಯಾನೊಂದರೊಳಗೆ ಕದ್ದು ಕೂತು, ಓಯಸಿಸ್ ತೋರಿಸುವ ಕನ್ನಡಕ ಏರಿಸಿ ಅದರೊಳಗಿನ ಶಾಲೆಯ ಗ್ರಹಕ್ಕೆ ಹೋಗುತ್ತಾನೆ. ಇಡೀ ಬ್ರಹ್ಮಾಂಡ ಎದುರಿಗಿದ್ದರೂ ಬಸ್ ಚಾರ್ಜಿಲ್ಲದ ಹುಡುಗನ ಹಾಗೆ ಅಲ್ಲೇ ಉಳಿಯುತ್ತಾನೆ.

ಹೆಸರುಗಳ ಪಟ್ಟಿ ಬಂದಾಗ ಕಣ್ಣಾಡಿಸಿ ಮುಂದೆ ಹೋಗಿ. ಅಲ್ಲಿ ನನಗೂ ಆಕಳಿಕೆ ಬಂದಿತ್ತು. 'ಜೌಸ್ಟ್' ಬಂದಾಗ ಮಾತ್ರ ಪುಸ್ತಕ ಬದಿಗಿಟ್ಟು, ಆ ಆಟದ ವಿಡಿಯೊ ಎರಡು ನಿಮಿಷ ನೋಡಿ. ಉಷ್ಟ್ರಪಕ್ಷಿ ಏರಿದ ಸವಾರರು ಢಿಕ್ಕಿ ಹೊಡೆಯುತ್ತಾರೆ, ಯಾರ ಈಟಿ ಮೇಲಿದೆಯೋ ಅವರು ಗೆದ್ದರು. ಅಷ್ಟು ತಿಳಿದರೆ ಆ ಅಧ್ಯಾಯ ಉಸಿರು ಬಿಗಿಹಿಡಿದು ಓದಿಸಿಕೊಳ್ಳುತ್ತದೆ.

ಸ್ಪೀಲ್‌ಬರ್ಗ್‌ರ 2018ರ ಸಿನಿಮಾ ನೋಡಿಬಿಟ್ಟಿದ್ದರೂ ಚಿಂತೆಯಿಲ್ಲ. ಅಲ್ಲಿ ಹ್ಯಾಲಿಡೇಯ ಒಗಟಿನ ಮೊದಲ ಕೀಲಿ ಸಿಗುವುದು ಕಾರ್ ರೇಸಿನಲ್ಲಿ, 2011ರ ಪುಸ್ತಕದಲ್ಲಿ ಈ ಉಷ್ಟ್ರಪಕ್ಷಿಗಳ ಕಾಳಗದಲ್ಲಿ.